ಕಾಣುವಷ್ಟು ಇಸ್ತ್ರಿ

ನಿಮ್ಮ ಬಗ್ಗೆ ಹೇಳಿ, ಅಂದ
ಮೇಜಿನಾಚೆ ಕೂತ ಹುಡುಗ. ಎದೆಯ ಮೇಲೆ ಹೆಸರಿನ ಬಿಲ್ಲೆ: ತೆಲ್ಮು.
ಪೋರ್ತು ನಗರದ ಆಸ್ಪತ್ರೆಯ ನೆಲಮಾಳಿಗೆ.
ಗೋಡೆಯಾಚೆ ಯಂತ್ರಗಳು ಒಗೆಯುತ್ತಿದ್ದವು
ಯಾರದೋ ಜ್ವರ, ಯಾರದೋ ಹೆರಿಗೆ.

ದೆಯೊಲಿಂದಾ. ಐವತ್ತೆಂಟು.
ಬಲಗೈ ಹೆಬ್ಬೆರಳಿಗೆ ಈಗ ಬಿಸಿ ತಾಗುವುದಿಲ್ಲ.
ಇಷ್ಟು ಸಾಕೇ?
ರಾತ್ರಿಯೆಲ್ಲ ಮಗಳು ಹೇಳಿಕೊಟ್ಟಿದ್ದಳು:
ನಾನು ಉತ್ಸಾಹಿ, ಹೊಸದನ್ನು ಕಲಿಯುವ ಹಂಬಲದವಳು...
ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಲೇ ಬಂದೆ.
ಸೇತುವೆ ದಾಟುವಾಗ ದೋರು ನದಿಯ ಮೇಲೆ ಮಂಜು,
ಅಲ್ಲೆಲ್ಲೋ ಬಿದ್ದುಹೋಯಿತು.

ನಿಮ್ಮ ಶಕ್ತಿ ಯಾವುದು?
ಕಲೆ ನೋಡಿ ಹೇಳಬಲ್ಲೆ
ದ್ರಾಕ್ಷಾರಸವೋ, ತುಕ್ಕೋ, ಅಯೊಡಿನ್ನೋ, ರಕ್ತವೋ.
ರಕ್ತಕ್ಕೆ ತಣ್ಣೀರು. ಬಿಸಿನೀರು ಹಾಕಿದಿರೋ
ಅದು ಅಲ್ಲೇ ಮನೆ ಮಾಡುತ್ತದೆ.
ಬಟ್ಟೆಗಷ್ಟೇ ಅಲ್ಲ ಈ ಮಾತು, ಅನ್ನಲಿದ್ದೆ.
ಅವನು ಬರೆದುಕೊಳ್ಳುತ್ತಿದ್ದ. ಸುಮ್ಮನಾದೆ.

ದೌರ್ಬಲ್ಯ?
ಅತಿಯಾದ ಅಚ್ಚುಕಟ್ಟು ಅನ್ನಮ್ಮ, ಅಂದಿದ್ದಳು ಮಗಳು.
ನಿಜ ಬೇರೆ: ನಾನು ಜೇಬು ನೋಡುತ್ತೇನೆ.
ಒಗೆಯುವ ಮುಂಚೆ ನೋಡಲೇಬೇಕು, ಅದು ಕೆಲಸ.
ನಾನು ಅದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡುತ್ತೇನೆ.
ಟ್ರಾಮಿನ ಚೀಟಿ, ಮಗುವಿನ ಹಾಲುಹಲ್ಲು, ಮಡಿಸಿದ ಕಾಗದ.
ಓದುತ್ತೇನೆ. ಮತ್ತೆ ಹಾಗೇ ಮಡಿಸಿಡುತ್ತೇನೆ
ಗೆರೆ ತಪ್ಪದಂತೆ.

ಹಿಂದಿನ ಕೆಲಸ ಯಾಕೆ ಬಿಟ್ಟಿರಿ?
ಬಿಡಲಿಲ್ಲ, ಬಿಡಿಸಿದರು.
ಹೋಟೆಲಿನ ದಿಂಬಿನ ಗವಸಿನಲ್ಲಿ ಉಂಗುರ ಸಿಕ್ಕಿತ್ತು.
ಮೂರು ದಿನ ಇಟ್ಟುಕೊಂಡೆ, ಸಾಬೂನಿನ ಡಬ್ಬಿಯಲ್ಲಿ.
ಯಾರೂ ಕೇಳಿಕೊಂಡು ಬರಲಿಲ್ಲ.
ಹಾಕಿ ನೋಡಿದೆ, ನನ್ನ ಬೆರಳಿಗೆ ದೊಡ್ಡದು.
ನಾಲ್ಕನೆಯ ದಿನ ಒಯ್ದು ಕೊಟ್ಟೆ.
ಎಂದು ಸಿಕ್ಕಿತು, ಅಂದರು.
ಸೋಮವಾರ, ಅಂದೆ.
ಅಂದು ಗುರುವಾರ.
ಕೊಡದೇ ಇದ್ದಿದ್ದರೆ
ಪ್ರಾಮಾಣಿಕಳೆಂಬ ಪತ್ರ ಈಗ ನಿಮ್ಮ ಮುಂದಿರುತ್ತಿತ್ತು.

ಆಮೇಲೆ ನಾಲ್ಕು ವರ್ಷ ಖಾಲಿ ಇದೆಯಲ್ಲ?
ಹೌದು.
ಮೊದಲ ವರ್ಷ ಮಲಗಿದ್ದೆ.
ಎರಡನೆಯದೂ, ಸುಳ್ಳೇಕೆ.
ಮೂರನೆಯದರಲ್ಲಿ ಮೇಲಿನ ಮಹಡಿಯ ವಿಧುರ ಅನಾಕ್ಲೆತು
ಒಂದು ಅಂಗಿ ಹಿಡಿದು ಬಂದ.
ಹೆಂಡತಿ ತೀರಿ ವರ್ಷ, ಇಗರ್ಜಿಗೆ ಹೋಗಬೇಕು,
ತೋಳಿನ ಗೆರೆ ಕೂರುತ್ತಿಲ್ಲ ಅಂದ.
ಕೂರಿಸಿಕೊಟ್ಟೆ.
ಎದ್ದು ನಿಂತಿದ್ದೇನೆ ಅನ್ನುವುದು ಆಮೇಲೆ ಗೊತ್ತಾಯಿತು.

ತಂಡದಲ್ಲಿ ಹೊಂದಿಕೊಳ್ಳುತ್ತೀರಾ?
ಹಾಸುಬಟ್ಟೆ ಮಡಿಸಲು ಇಬ್ಬರು ಬೇಕು.
ದೂರ ನಿಂತು ಜಗ್ಗಿ, ಹತ್ತಿರ ಬಂದು,
ಅಂಚಿಗೆ ಅಂಚು ಕೂಡಿಸಿ, ಬೆರಳಿಂದ ಬೆರಳಿಗೆ ಕೊಟ್ಟು, ಮತ್ತೆ ಹಿಂದಕ್ಕೆ.
ಜೆರ್ತ್ರೂದೆಸ್ ಜೊತೆ ಹನ್ನೊಂದು ವರ್ಷ ಮಡಿಸಿದೆ.
ಅದರಲ್ಲಿ ಏಳು ವರ್ಷ ನಮ್ಮ ನಡುವೆ ಮಾತಿಲ್ಲ,
ಒಂದು ಕಿಟಕಿಯ ವಿಷಯಕ್ಕೆ.
ಅವಳಿಗೆ ಮುಚ್ಚಿರಬೇಕು, ನನಗೆ ತೆರೆದಿರಬೇಕು.
ದಿನಕ್ಕೆ ಮುನ್ನೂರು ಸಲ ಬೆರಳು ತಾಗುತ್ತಿತ್ತು.
ಒಂದು ಸುಕ್ಕು ಬೀಳಲಿಲ್ಲ.
ಇದನ್ನು ಹೊಂದಿಕೆ ಅನ್ನುತ್ತೀರೋ ಇಲ್ಲವೋ, ನಿಮಗೆ ಬಿಟ್ಟದ್ದು.

ಐದು ವರ್ಷದ ನಂತರ ಎಲ್ಲಿರುತ್ತೀರಿ?
ಶುಕ್ರವಾರದಾಚೆಗೆ ನೋಡಿ ಅಭ್ಯಾಸವಿಲ್ಲ, ಮಗು.
ಶುಕ್ರವಾರ ಗ್ಯಾಸಿನವನು ಬರುತ್ತಾನೆ.

ನಕ್ಕ. ಕೂಡಲೇ ಫಾರ್ಮು ನೋಡಿ ನಗು ಒರೆಸಿಕೊಂಡ.
ನೀವೇನಾದರೂ ಕೇಳುವುದಿದೆಯೇ?

ಇತ್ತು.
ಸಂಬಳ ಮಾತ್ರ ಮೊದಲೇ ಕೇಳಬಾರದಂತೆ.
ಒಳಗೆ, ಇಸ್ತ್ರಿಯ ಕೋಣೆಗೆ, ಕಿಟಕಿ ಇದೆಯೇ?

ಹಾಳೆಯನ್ನು ಆ ಬದಿ ಈ ಬದಿ ತಿರುಗಿಸಿದ.
ಗೊತ್ತಿಲ್ಲ, ಅಂದ. ನಾನು ಸೇರಿ ಎರಡೇ ವಾರ.
ತಾಳಿ, ನೋಡಿ ಬರುತ್ತೇನೆ.

ಬಾಗಿಲ ಕಡೆ ತಿರುಗಿದಾಗ ಕಂಡಿತು:
ಅಂಗಿಯ ಎದೆ, ಕಾಲರಿನ ಎರಡು ಮೂಲೆ, ಗುಂಡಿಯ ಪಟ್ಟಿ ಗರಿಗರಿ.
ಬೆನ್ನೆಲ್ಲ ಸುಕ್ಕು.
ಬೆಳಿಗ್ಗೆ ಅವಸರದಲ್ಲಿ, ತಾನೇ,
ಎದುರು ಕೂತವರಿಗೆ ಕಾಣುವಷ್ಟು ಮಾತ್ರ.

ನಾನೇನೂ ಹೇಳಲಿಲ್ಲ.
ಕೈ ಮಾತ್ರ ತನ್ನ ಪಾಡಿಗೆ, ಮೇಜಿನ ಕೆಳಗೆ,
ನನ್ನ ಲಂಗದ ಅಂಚನ್ನು ತೀಡುತ್ತಿತ್ತು.